ಸೋಫಾ ಬಿಟ್ಟೇಳದ ಗಂಡಸರು: ಕಿರುತೆರೆಯ ಕುರಿತು ಓದುಗರ ಪ್ರಶ್ನೆಗಳು

ಕಳೆದ ತಿಂಗಳು ಇದೇ ಅಂಕಣದಲ್ಲಿ ಬ್ರಿಟನ್ನಿನ ಹಾಸ್ಯ ಧಾರಾವಾಹಿಗಳ ಬಗೆಗಿನ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ ‘ಮೆನ್ ಬಿಹೇವಿಂಗ್ ಬ್ಯಾಡ್ಲಿ’ಯನ್ನು ಹೆಸರಿಸಿ, ಅದು ಒಂದೇ ಮನೆಯಲ್ಲಿರುವ ಇಬ್ಬರು ಬುದ್ಧಿ ಬಲಿಯದ ಗಂಡಸರ ಕಥೆ ಎಂದಷ್ಟೇ ಹೇಳಿ ಮುಂದೆ ಸಾಗಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಇಬ್ಬರು ಗಂಡಸರು ಒಂದು ಮನೆಯಲ್ಲಿರುವುದರಲ್ಲಿ ವರ್ಷಗಟ್ಟಲೆ ನಗಿಸುವಂಥದ್ದು ಏನಿದೆ? ಕಥೆಯನ್ನು ಸ್ವಲ್ಪ ವಿವರವಾಗಿ ತಿಳಿಸಬಹುದೇ?
– ಓದುಗರು, ಶಿರಸಿ

ಕಥೆ ಎಂದು ಹೇಳಿಕೊಳ್ಳುವಂಥದ್ದು ಅದರಲ್ಲಿ ಹೆಚ್ಚಿಲ್ಲ, ಇರುವುದು ಸನ್ನಿವೇಶ. ಗ್ಯಾರಿ ಎಂಬಾತನಿಗೆ ಲಂಡನ್ನಿನಲ್ಲಿ ಒಂದು ಫ್ಲ್ಯಾಟ್ ಇದೆ, ಕಳ್ಳರ ಭಯಕ್ಕೆ ಅಳವಡಿಸುವ ಅಲಾರಂಗಳ ಕಂಪನಿಯೊಂದರ ಪುಟ್ಟ ಕಚೇರಿಯಲ್ಲಿ ಮ್ಯಾನೇಜರ್ ಹುದ್ದೆ ಇದೆ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಡೊರೊಥಿ ಎಂಬ ಗೆಳತಿ ಇದ್ದಾಳೆ. ಮನೆಯ ಒಂದು ಕೋಣೆಯನ್ನು ಅವನು ಟೋನಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಟೋನಿಗೆ ನೆಲೆಯಾದ ಕೆಲಸವಿಲ್ಲ. ಕೆಲವು ಕಾಲ ಹಾಡಿನ ರೆಕಾರ್ಡುಗಳನ್ನು ಮಾರುತ್ತಾನೆ, ಮತ್ತೆ ಕೆಲವು ಕಾಲ ಅವರಿಬ್ಬರೂ ಸಂಜೆ ಕಳೆಯುವ ‘ದಿ ಕ್ರೌನ್’ ಎಂಬ ಪಬ್ಬಿನಲ್ಲಿ ಗಿರಾಕಿಗಳಿಗೆ ಬಿಯರ್ ಸುರಿದುಕೊಡುತ್ತಾನೆ. ಮೇಲಿನ ಮನೆಯಲ್ಲಿರುವ ಡೆಬೊರಾ ತನ್ನನ್ನು ಮೆಚ್ಚುವಂತೆ ಮಾಡುವುದೊಂದೇ ಅವನು ತಪ್ಪದೆ ಮಾಡುವ ಉದ್ಯೋಗ. ಗ್ಯಾರಿಯಾಗಿ ಮಾರ್ಟಿನ್ ಕ್ಲೂನ್ಸ್, ಟೋನಿಯಾಗಿ ನೀಲ್ ಮೊರಿಸ್ಸಿ, ಡೊರೊಥಿಯಾಗಿ ಕ್ಯಾರೊಲಿನ್ ಕ್ವೆಂಟಿನ್, ಡೆಬೊರಾಳಾಗಿ ಲೆಸ್ಲಿ ಆ್ಯಶ್ ನಟಿಸಿದ್ದಾರೆ.

ಇವರಿಬ್ಬರೂ ಹಾಸ್ಟೆಲ್ ಹುಡುಗರಲ್ಲ, ಮೂವತ್ತರ ಆಸುಪಾಸಿನವರು ಎಂಬುದನ್ನು ಮರೆಯುವಂತಿಲ್ಲ. ಇಪ್ಪತ್ತರ ಹುಡುಗ ಒಗೆಯದ ಬಟ್ಟೆಯನ್ನೇ ತೊಟ್ಟುಕೊಂಡರೆ ಅದು ಹಾಸ್ಯವಲ್ಲ, ದಿನಚರಿ. ಸ್ವಂತ ಮನೆಯುಳ್ಳ, ಕೈಕೆಳಗೆ ಇಬ್ಬರು ನೌಕರರನ್ನು ಇಟ್ಟುಕೊಂಡ ಮ್ಯಾನೇಜರ್ ಮನೆಗೆ ಬಂದೊಡನೆ ಹತ್ತು ವರ್ಷದವನಾಗಿಬಿಡುವುದರಲ್ಲಿ ನಗೆಯಿದೆ. ಗ್ಯಾರಿಯ ಕಚೇರಿಯ ದೃಶ್ಯಗಳನ್ನು ಅನೇಕರು ಸಪ್ಪೆಯೆಂದು ದಾಟಿಸಿ ನೋಡುತ್ತಾರೆ. ನನಗೆ ಅವು ಬಹಳ ಇಷ್ಟ. ಅಲ್ಲಿ ಜಾರ್ಜ್ ಮತ್ತು ಆಂಥಿಯಾ ಎಂಬ ಇಬ್ಬರು ಹಿರಿಯ ಸಹೋದ್ಯೋಗಿಗಳಿದ್ದಾರೆ. ಕಾಲ ತಮ್ಮನ್ನು ದಾಟಿ ಹೋದದ್ದೇ ತಿಳಿಯದ ಆ ಸಾಧುಜೀವಿಗಳ ಮುಂದೆ ಗ್ಯಾರಿ ಜಗತ್ತು ಕಂಡವನಂತೆ ಮಾತನಾಡುತ್ತಾನೆ, ಸಂಜೆ ಅದೇ ಬಾಯಲ್ಲಿ ಟೋನಿಯೊಡನೆ ಕುಳಿತು ಹೆಂಗಸರ ಬಗ್ಗೆ ಹೈಸ್ಕೂಲು ಹುಡುಗರ ಊಹಾಪೋಹ ನಡೆಸುತ್ತಾನೆ.

ಹೆಚ್ಚಿನ ಕಂತುಗಳು ಮುಗಿಯುವುದು ಆ ಪ್ರಸಿದ್ಧ ಸೋಫಾದ ಮೇಲೆ, ಕೈಯಲ್ಲಿ ಬಿಯರ್ ಡಬ್ಬಿ ಹಿಡಿದು ಇಬ್ಬರೂ ಆಡುವ ಗೊತ್ತುಗುರಿಯಿಲ್ಲದ ಮಾತಿನಲ್ಲಿ. 1997ರ ಒಂದು ಕಂತಂತೂ ಅವರು ಟಿವಿಯಲ್ಲಿ ‘ಸ್ಟಾರ್ ಟ್ರೆಕ್’ ನೋಡುತ್ತ ಕುಳಿತಿರುವುದನ್ನೇ ಆಧರಿಸಿದೆ. ಘಟನೆಯೆಂಬುದೇ ಇಲ್ಲದೆ ಬರೀ ಮಾತಿನ ಬಲದಿಂದ ಅರ್ಧ ಗಂಟೆ ಹಿಡಿದು ಕೂರಿಸುವುದು ನಾಟಕ ಬರೆದವರಿಗೆ ಮಾತ್ರ ಅರ್ಥವಾಗುವ ಕಷ್ಟ.

ಮೊದಲ ಕಂತುಗಳಲ್ಲಿ ಟೋನಿಯ ಜಾಗದಲ್ಲಿ ಬೇರೊಬ್ಬನಿದ್ದಾನಲ್ಲ? ಮುಖ್ಯ ನಟನೇ ಬಿಟ್ಟುಹೋದ ಮೇಲೆ ಧಾರಾವಾಹಿ ಉಳಿದದ್ದು ಹೇಗೆ?
– ಓದುಗರು, ಹುಬ್ಬಳ್ಳಿ

ನೀವು ಗಮನಿಸಿದ್ದು ಸರಿ. ಲೇಖಕ ಸೈಮನ್ ನೈ ತಮ್ಮದೇ ಕಾದಂಬರಿಯನ್ನು ಕಿರುತೆರೆಗೆ ಅಳವಡಿಸಿದರು. ಕಾದಂಬರಿ 1989ರಲ್ಲಿ ಬಂದದ್ದು, ಧಾರಾವಾಹಿ ಐಟಿವಿ ವಾಹಿನಿಯಲ್ಲಿ ಆರಂಭವಾದದ್ದು 1992ರ ಫೆಬ್ರುವರಿ 18ರಂದು. ಆಗ ಗ್ಯಾರಿಯ ಜೊತೆಗಾರ ಡರ್ಮಟ್, ಆ ಪಾತ್ರದಲ್ಲಿದ್ದವರು ಹ್ಯಾರಿ ಎನ್‌ಫೀಲ್ಡ್. ನಾಲ್ವರು ನಟರಲ್ಲಿ ಅಂದಿನ ಬ್ರಿಟಿಷ್ ಪ್ರೇಕ್ಷಕರಿಗೆ ಹಾಸ್ಯಗಾರನಾಗಿ ಚೆನ್ನಾಗಿ ಪರಿಚಿತರಾಗಿದ್ದವರು ಅವರೇ. ಆದರೆ ಅವರ ಹೆಸರಿದ್ದದ್ದು ಎರಡು ಮೂರು ನಿಮಿಷಗಳ ಪ್ರಹಸನಗಳಲ್ಲಿ ವೇಷ ಬದಲಿಸಿ ಬದಲಿಸಿ ಬರುವ ವಿಡಂಬನೆಗೆ. ಒಬ್ಬನೇ ಸಾಮಾನ್ಯ ಮನುಷ್ಯನಾಗಿ ಅರ್ಧ ಗಂಟೆ ಕುಳಿತಿರಬೇಕಾದ ಈ ಬಗೆಯ ಅಭಿನಯ ಅವರಿಗೆ ಒಗ್ಗಿದಂತೆ ಕಾಣುವುದಿಲ್ಲ. ಆರು ಕಂತುಗಳ ಬಳಿಕ ಅವರು ಹೊರಬಂದರು. ಅದೇ ವರ್ಷದ ಎರಡನೆಯ ಸರಣಿಗೆ ಮೊರಿಸ್ಸಿ ಬಂದರು.

ಇದರಿಂದ ಆದ ಲಾಭ ಬರಿಯ ಮುಖ ಬದಲಾವಣೆಯದಲ್ಲ. ಡರ್ಮಟ್ ಚಾಲಾಕಿನವನು, ಗ್ಯಾರಿಗೆ ಸರಿಸಮನಾಗಿ ಮಾತಿಗೆ ಮಾತು ಕೊಡಬಲ್ಲವನು. ಇಬ್ಬರು ಜಾಣರು ಸೇರಿ ಕೆಟ್ಟದಾಗಿ ನಡೆದುಕೊಂಡರೆ ನೋಡುವವನಿಗೆ ಸ್ವಲ್ಪ ಅಸಹ್ಯವೂ ಆಗುತ್ತದೆ. ಟೋನಿ ಹಾಗಲ್ಲ, ಗ್ಯಾರಿ ಹೇಳಿದ್ದನ್ನೆಲ್ಲ ನಂಬುವ ಬೆಪ್ಪ. ಅವನೆದುರು ಗ್ಯಾರಿಯೇ ತಿಳಿದವನಾಗಬೇಕಾಯಿತು, ತಿಳಿವಳಿಕೆ ಇಲ್ಲದೆಯೂ ತಿಳಿದವನಂತೆ ವರ್ತಿಸುವ ಹೊಣೆ ಅವನ ತಲೆಗೆ ಬಂತು. ಕ್ಲೂನ್ಸ್ ಎಂತಹ ನಟರೆಂಬುದು ನಿಜವಾಗಿ ಗೊತ್ತಾದದ್ದು ಅಲ್ಲಿಂದ ಮುಂದೆ. 1996ರಲ್ಲಿ ಈ ಪಾತ್ರಕ್ಕಾಗಿ ಅವರಿಗೆ ಬಾಫ್ಟಾ ಪ್ರಶಸ್ತಿ ಬಂತು.

ಎರಡನೆಯ ಆಪತ್ತು ವಾಹಿನಿಯದು. ಧಾರಾವಾಹಿಯನ್ನು ಐಟಿವಿಗೆ ತಂದಿದ್ದ ಥೇಮ್ಸ್ ಟೆಲಿವಿಷನ್ 1991ರ ಹರಾಜಿನಲ್ಲಿ ಲಂಡನ್ನಿನ ಪ್ರಸಾರದ ಪರವಾನಗಿಯನ್ನು ಕಾರ್ಲ್ಟನ್ ಸಂಸ್ಥೆಗೆ ಬಿಟ್ಟುಕೊಡಬೇಕಾಗಿ ಬಂದು, 1992ರ ಕೊನೆಗೆ ತನ್ನ ಪ್ರಸಾರವನ್ನೇ ನಿಲ್ಲಿಸಿತು. ಎರಡು ಸರಣಿಗಳ ಬಳಿಕ ಐಟಿವಿಗೂ ಇದು ಬೇಡವಾಯಿತು. ನಿರ್ಮಾಪಕಿ ಬೆರಿಲ್ ವರ್ಟ್ಯೂ ಅದನ್ನು ಕೈಬಿಡದೆ ಬಿಬಿಸಿಯ ಬಾಗಿಲು ತಟ್ಟಿದರು. 1994ರಲ್ಲಿ ಬಿಬಿಸಿ-1 ಇದನ್ನು ರಾತ್ರಿ 9ರ ನಂತರದ ಹೊತ್ತಿನಲ್ಲಿ ಪ್ರಸಾರ ಮಾಡಲಾರಂಭಿಸಿತು. ಬ್ರಿಟನ್ನಿನಲ್ಲಿ 9 ಗಂಟೆಯೆಂಬುದು ಒಂದು ಗಡಿ, ಅದರಾಚೆ ದೊಡ್ಡವರ ವಿಷಯಗಳಿಗೆ ಅವಕಾಶವುಂಟು. ಲೈಂಗಿಕತೆಯ ಬಗ್ಗೆ ಗಂಡಸರಿಗಿರುವ ಭಯ, ಬಡಾಯಿ, ಅಜ್ಞಾನ ಇವನ್ನೇ ಬಂಡವಾಳ ಮಾಡಿಕೊಂಡ ಬರವಣಿಗೆಗೆ ಆ ಗಡಿ ದಾಟಿದ ಮೇಲೆ ಉಸಿರಾಟ ಸಲೀಸಾಯಿತು.

ಕುಡಿತ, ಹೊಲಸು ಮಾತು, ಹೆಣ್ಣನ್ನು ವಸ್ತುವಿನಂತೆ ನೋಡುವ ಕಣ್ಣು – ಇವನ್ನೆಲ್ಲ ತಮಾಷೆಯ ಹೊದಿಕೆ ಹಾಕಿ ವೈಭವೀಕರಿಸುವ ಧಾರಾವಾಹಿಯನ್ನು ತಾವು ಮೆಚ್ಚುವುದು ನನಗೆ ಆಶ್ಚರ್ಯ ತಂದಿದೆ. ಇದು ವಿಡಂಬನೆ ಎನ್ನುವ ಸಮಜಾಯಿಷಿ ಬಹಳ ಹಳೆಯದು.
– ಕಾಲೇಜು ಅಧ್ಯಾಪಕಿ, ಮೈಸೂರು

ತಮ್ಮ ಆಕ್ಷೇಪವನ್ನು ಬದಿಗೆ ಸರಿಸುವಂತಿಲ್ಲ, ಮೇಡಂ. ಅದನ್ನು 1990ರ ದಶಕದಲ್ಲಿ ಬ್ರಿಟನ್ನಿನವರೇ ಎತ್ತಿದ್ದರು. ಆ ಕಾಲದ ಹಿನ್ನೆಲೆಯನ್ನು ಸ್ವಲ್ಪ ನೆನೆಯಬೇಕು. ಅದಕ್ಕೆ ಹಿಂದಿನ ದಶಕದಲ್ಲಿ ಪತ್ರಿಕೆಗಳು ‘ಹೊಸ ಗಂಡಸು’ ಎಂಬ ಮಾದರಿಯೊಂದನ್ನು ಮುಂದಿಟ್ಟಿದ್ದವು: ಮಗುವನ್ನು ಎತ್ತಿಕೊಳ್ಳುವ, ಅಡುಗೆ ಮಾಡುವ, ಕಣ್ಣೀರಿಗೆ ನಾಚದ ಗಂಡು. ಅದಕ್ಕೆ ಎದುರಾಗಿ 1990ರ ದಶಕದ ಮೊದಲ ವರ್ಷಗಳಲ್ಲಿ ‘ನ್ಯೂ ಲ್ಯಾಡ್’ ಎಂಬ ಇನ್ನೊಂದು ಮಾದರಿ ತಲೆಯೆತ್ತಿತು. ಬಿಯರು, ಫುಟ್‌ಬಾಲು, ಅರೆಬೆತ್ತಲೆ ಚಿತ್ರಗಳು, ಎಲ್ಲಕ್ಕೂ ‘ಸುಮ್ಮನೆ ತಮಾಷೆಗೆ’ ಎಂಬ ಸಬೂಬು. ಈ ಅಭಿರುಚಿಗೆಂದೇ ಹುಟ್ಟಿದ ‘ಲೋಡೆಡ್’ ಮಾಸಿಕ ಹೊರಬಂದದ್ದು 1994ರಲ್ಲಿ, ಅಂದರೆ ಗ್ಯಾರಿ ಮತ್ತು ಟೋನಿ ಬಿಬಿಸಿಗೆ ಬಂದ ವರ್ಷದಲ್ಲಿಯೇ. ಹೀಗಾಗಿ ಇಬ್ಬರನ್ನೂ ಆ ಗುಂಪಿನ ಧ್ವಜಧಾರಿಗಳೆಂದು ಬಗೆಯುವುದು ಸುಲಭವಾಯಿತು. ಆ ಗುಂಪಿನವರೂ ಇವರನ್ನು ತಮ್ಮವರೆಂದು ಸಂತೋಷದಿಂದ ಒಪ್ಪಿಕೊಂಡರು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಕಾದಂಬರಿ ಆ ಅಲೆಗಿಂತ ಮೊದಲಿನದು ಎಂಬುದು ಒಂದು ಮಾತು. ಬರವಣಿಗೆಯನ್ನೇ ನೋಡಿ ಎಂಬುದು ನನ್ನ ಮುಖ್ಯವಾದ ಮಾತು. ಯಾವುದೇ ದೃಶ್ಯದಲ್ಲಿ ಕೊನೆಯ ಮಾತು ಯಾರಿಗೆ ಸಲ್ಲುತ್ತದೆ, ಯಾರು ಪೆಚ್ಚಾಗುತ್ತಾರೆ ಎಂಬುದನ್ನು ಗಮನಿಸಿದರೆ ಲೇಖಕ ಎಲ್ಲಿ ನಿಂತಿದ್ದಾನೆ ಎಂಬುದು ತಿಳಿಯುತ್ತದೆ. ಗ್ಯಾರಿ ಬಡಾಯಿ ಕೊಚ್ಚಿದ ಮೇಲೆ ಡೊರೊಥಿಯ ಒಂದು ವಾಕ್ಯಕ್ಕೆ, ಕೆಲವೊಮ್ಮೆ ಅವಳ ಒಂದು ನೋಟಕ್ಕೆ, ಅದೆಲ್ಲ ಗಾಳಿ ಹೋದ ಬಲೂನಾಗುತ್ತದೆ. ಅವನು ಕೀಳಾಗಿ ನಡೆದುಕೊಂಡಾಗಲೆಲ್ಲ ಅದರ ಫಲವಾಗಿ ಅವನೇ ಹಾಸ್ಯಾಸ್ಪದನಾಗುತ್ತಾನೆ. ಕುಡಿತದಿಂದ ಅವನಿಗೆ ದಕ್ಕುವುದು ಮರುದಿನದ ತಲೆನೋವು, ವಿಜಯವಲ್ಲ. ಗೆಳೆಯನ ಹೆಗಲ ಮೇಲೆ ಕೈಹಾಕುವ ಧೈರ್ಯಕ್ಕೂ ಇವರಿಗೆ ನಾಲ್ಕು ಡಬ್ಬಿ ಬಿಯರ್ ಬೇಕು ಎಂಬುದನ್ನು ಧಾರಾವಾಹಿ ಮರೆಮಾಚುವುದಿಲ್ಲ. ನಿರ್ಮಾಪಕಿ ಒಬ್ಬ ಮಹಿಳೆ ಎಂಬುದನ್ನು ಕೆಲವರು ಸಮರ್ಥನೆಯಾಗಿ ಮುಂದಿಡುತ್ತಾರೆ. ಅದನ್ನು ನಾನು ಪ್ರಮಾಣಪತ್ರವೆಂದು ತಿಳಿಯುವುದಿಲ್ಲ. ಬರೆದದ್ದು ಬರೆದಂತೆಯೇ ಇದೆ, ಅದನ್ನೇ ತೂಗಬೇಕು.

ಹಾಗೆ ತೂಗಿದಾಗ ನನಗೆ ಕಾಣುವ ಕೊರತೆ ತಾವು ಹೇಳಿದ್ದಕ್ಕಿಂತ ಬೇರೆಯದು. ಗಂಡಸರ ತಪ್ಪನ್ನು ಧಾರಾವಾಹಿ ವೈಭವೀಕರಿಸುವುದಿಲ್ಲ, ಕ್ಷಮಿಸುತ್ತದೆ. ಪ್ರತಿ ಕಂತಿನಲ್ಲಿಯೂ ಡೊರೊಥಿ ಎಲ್ಲವನ್ನೂ ಸ್ಪಷ್ಟವಾಗಿ ಕಾಣುತ್ತಾಳೆ, ಸ್ಪಷ್ಟವಾಗಿ ಹೇಳುತ್ತಾಳೆ, ಮುಂದಿನ ವಾರ ಮತ್ತೆ ಅದೇ ಮನೆಯಲ್ಲಿರುತ್ತಾಳೆ. ಹೆಣ್ಣಿನ ವಿವೇಕಕ್ಕೆ ಇಲ್ಲಿ ಮಾತಿನ ಗೆಲುವು ಸಿಗುತ್ತದೆ, ಗಂಡಿನ ಅವಿವೇಕಕ್ಕೆ ಬದುಕಿನ ಗೆಲುವು. ನಗುತ್ತ ನೋಡುವಾಗ ನಾವು ಈ ಲೆಕ್ಕವನ್ನು ಕೇಳುವುದಿಲ್ಲ. ತಾವು ಕೇಳಿದ್ದೀರಿ ಎಂಬುದಕ್ಕಾಗಿ ಈ ಪತ್ರವನ್ನು ಪೂರ್ತಿ ಅಚ್ಚು ಹಾಕಬೇಕೆನಿಸಿತ್ತು, ಸ್ಥಳ ಸಾಲಲಿಲ್ಲ.

ಡೊರೊಥಿ ಅವನನ್ನು ಏಕೆ ಬಿಟ್ಟು ಹೋಗುವುದಿಲ್ಲ?
– ಓದುಗರು, ಉಡುಪಿ

ಹೋದರೆ ಧಾರಾವಾಹಿ ಮುಗಿದುಹೋಗುತ್ತದೆ ಎಂಬುದು ಪ್ರಾಮಾಣಿಕವಾದ ಉತ್ತರ. ಈ ಬಗೆಯ ಹಾಸ್ಯದಲ್ಲಿ ಕಂತಿನ ಕೊನೆಗೆ ಎಲ್ಲರೂ ಹೊರಟಲ್ಲಿಗೇ ಬಂದು ನಿಲ್ಲಬೇಕೆಂಬುದು ಅಲಿಖಿತ ನಿಯಮ. ಆದರೆ ಬರಹಗಾರ ಜಾಣನಾದರೆ ನಿಯಮಕ್ಕೂ ಒಂದು ಮಾನವ ಸಹಜ ಕಾರಣ ಒದಗಿಸುತ್ತಾನೆ, ನೈ ಒದಗಿಸಿದ್ದಾರೆ. ಡೊರೊಥಿ ಸಹನಾಮೂರ್ತಿಯೇನಲ್ಲ. ಅವಳ ನಾಲಗೆ ಗ್ಯಾರಿಯ ನಾಲಗೆಗಿಂತ ಹರಿತ, ಕುಡಿಯುವುದರಲ್ಲಿ ಅವಳು ಹಿಂದೆ ಬೀಳುವವಳಲ್ಲ, ಬೇಕೆಂದಾಗ ಸ್ವಾರ್ಥಿಯಾಗಬಲ್ಲಳು. ಗ್ಯಾರಿಯ ಜೊತೆ ಜಗಳವಾಡುವುದರಲ್ಲಿ ಅವಳಿಗೆ ಒಂದು ಖುಷಿಯೂ ಇದೆ. ಕ್ವೆಂಟಿನ್ ಅದನ್ನು ಎಷ್ಟು ಸೂಕ್ಷ್ಮವಾಗಿ ತೋರಿಸುತ್ತಾರೆಂದರೆ, ಸಿಟ್ಟಿನಲ್ಲಿ ಮಾತನಾಡುತ್ತಿರುವಾಗಲೇ ಬಾಯಿಯ ಅಂಚಿನಲ್ಲಿ ನಗು ತಡೆದುಕೊಂಡಿರುವುದು ಕಾಣುತ್ತದೆ.

ಡೆಬೊರಾಳ ಪಾತ್ರಕ್ಕೆ ಅಷ್ಟು ನ್ಯಾಯ ಸಿಕ್ಕಿಲ್ಲ. ಬಹಳ ಕಾಲ ಆಕೆ ಟೋನಿಯ ಬಯಕೆಯ ಗುರಿಯಾಗಿ ಮಾತ್ರ ಮಹಡಿಯಿಂದ ಇಳಿದು ಬರುತ್ತಾಳೆ, ಬೇಸರದಿಂದ ಮತ್ತೆ ಮಹಡಿ ಏರುತ್ತಾಳೆ. ಕೊನೆಗೆ ಅವಳು ಟೋನಿಯನ್ನು ಒಪ್ಪಿಕೊಂಡದ್ದು ಪ್ರೀತಿಯಿಂದಲೋ, ಅವನ ಪಟ್ಟಿಗೆ ಸೋತೋ ಎಂಬುದು ನನಗೆ ಇಂದಿಗೂ ಬಗೆಹರಿಯದ ಸಂಗತಿ.

ಪಿಯುಸಿ ಓದುವ ಮಗನೊಂದಿಗೆ ಕುಳಿತು ನೋಡಬಹುದೇ?
– ಓದುಗರು, ದಾವಣಗೆರೆ

ಮಗನಿಗೆ ಮುಜುಗರವಾಗಲಾರದು, ನಿಮಗೆ ಆಗಬಹುದು. ಮೊದಲು ಒಬ್ಬರೇ ಎರಡು ಕಂತು ನೋಡಿ ನಿರ್ಧರಿಸಿ.

ಬ್ರಿಟನ್ನಿನಲ್ಲಿ ಗೆದ್ದ ಧಾರಾವಾಹಿ ಅಮೆರಿಕದಲ್ಲಿ ಸೋತದ್ದು ಏಕೆ?
– ಓದುಗರು, ಬೆಂಗಳೂರು

ಎನ್‌ಬಿಸಿ ವಾಹಿನಿ 1996ರಲ್ಲಿ ಇದೇ ಹೆಸರಿನಲ್ಲಿ ಅಮೆರಿಕದ ಆವೃತ್ತಿಯನ್ನು ಆರಂಭಿಸಿ, ಎರಡನೆಯ ಸೀಸನ್ನಿನಲ್ಲಿ ನಿಲ್ಲಿಸಿತು. ರಾಬ್ ಷ್ನೈಡರ್ ಮತ್ತು ರಾನ್ ಎಲ್ಡಾರ್ಡ್ ಒಂದೇ ಮನೆಯ ಗೆಳೆಯರಾಗಿದ್ದರು, ಜಸ್ಟೀನ್ ಬೇಟ್‌ಮನ್ ನರ್ಸ್ ಗೆಳತಿಯಾಗಿದ್ದರು. ಬ್ರಿಟಿಷ್ ಸರಕನ್ನು ಅಮೆರಿಕಕ್ಕೆ ಒಯ್ಯುವ ವಿದ್ಯೆ ವರ್ಟ್ಯೂ ಅವರಿಗೆ ಹೊಸದಾಗಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಕಿರುತೆರೆಯನ್ನು ಆಳಿದ ‘ಆಲ್ ಇನ್ ದ ಫ್ಯಾಮಿಲಿ’ ಮತ್ತು ‘ಸ್ಯಾನ್‌ಫರ್ಡ್ ಆ್ಯಂಡ್ ಸನ್’ ಎರಡೂ ಬ್ರಿಟಿಷ್ ಧಾರಾವಾಹಿಗಳ ರೂಪಾಂತರಗಳು, ಅವುಗಳ ಹಕ್ಕನ್ನು ಅಲ್ಲಿ ಮಾರಿದ್ದು ಆಕೆಯೇ.

ಸೋಲಿಗೆ ನನಗೆ ತೋರುವ ಕಾರಣ ಇದು. ಅಮೆರಿಕದ ಮುಖ್ಯ ವಾಹಿನಿಯ ಹಾಸ್ಯದಲ್ಲಿ ನಾಯಕ ಎಷ್ಟೇ ಪೆದ್ದನಾದರೂ ಕೊನೆಗೆ ಒಂದು ಪಾಠ ಕಲಿಯಬೇಕೆಂಬ ನಿರೀಕ್ಷೆಯಿದೆ. ಗ್ಯಾರಿ, ಟೋನಿ ಏನನ್ನೂ ಕಲಿಯುವವರಲ್ಲ. ಸೋತವನನ್ನು, ಸೋಲನ್ನು ಒಪ್ಪದವನನ್ನು, ಬದಲಾಗಲು ಮನಸ್ಸೇ ಇಲ್ಲದವನನ್ನು ನೋಡಿ ನಗುವ ಬ್ರಿಟಿಷ್ ರೂಢಿ ಬಹಳ ಹಳೆಯದು. ಅದಲ್ಲದೆ ಆ ವೇಳೆಗೆ ಎನ್‌ಬಿಸಿಯಲ್ಲಿಯೇ ‘ಫ್ರೆಂಡ್ಸ್’ ಎರಡು ವರ್ಷ ಪೂರೈಸಿತ್ತು. ಮನೆ ಹಂಚಿಕೊಂಡ ಇಬ್ಬರು ಹುಡುಗು ಬುದ್ಧಿಯ ಗಂಡಸರು ಅಮೆರಿಕದ ಪ್ರೇಕ್ಷಕರಿಗೆ ಜೋಯಿ ಮತ್ತು ಚಾಂಡ್ಲರರ ರೂಪದಲ್ಲಿ, ಹೆಚ್ಚು ಮುದ್ದಾಗಿ, ಆಗಲೇ ದೊರಕಿದ್ದರು.

ಕನ್ನಡದಲ್ಲಿ ಇಂಥದ್ದು ಏಕೆ ಬರಲಿಲ್ಲ? ಬೆಂಗಳೂರಿನಲ್ಲಿ ರೂಮು ಮಾಡಿಕೊಂಡಿರುವ ಹುಡುಗರ ಬದುಕಿನಲ್ಲಿ ಹಾಸ್ಯಕ್ಕೇನು ಬರವೇ?
– ಓದುಗರು, ಹಾಸನ

ಹಾಸ್ಯಕ್ಕೆ ಬರವಿಲ್ಲ, ಬಾಡಿಗೆ ಮನೆಗೇ ಬರ. ‘ಫ್ಯಾಮಿಲಿಗೆ ಮಾತ್ರ’ ಎನ್ನುವ ಮಾಲೀಕರಿಂದ ಮೊದಲ ಕಂತನ್ನು ಆರಂಭಿಸಬಹುದು. ನಮ್ಮಲ್ಲಿ ಹೆಸರು ಮಾಡಿದ ಹಾಸ್ಯ ಧಾರಾವಾಹಿಗಳನ್ನು ನೆನೆದರೆ, ‘ಪಾಪ ಪಾಂಡು’ವಾಗಲಿ ‘ಸಿಲ್ಲಿ ಲಲ್ಲಿ’ಯಾಗಲಿ, ನಡುವೆ ಒಂದು ಸಂಸಾರ ಇದ್ದೇ ಇರುತ್ತದೆ. ಇದನ್ನು ಮಡಿವಂತಿಕೆ ಎಂದು ಮೂದಲಿಸುವುದಕ್ಕಿಂತ ಕೆಲಸದ ರೀತಿಯನ್ನು ನೋಡುವುದು ಒಳ್ಳೆಯದು. ‘ಮೆನ್ ಬಿಹೇವಿಂಗ್ ಬ್ಯಾಡ್ಲಿ’ ವಾರಕ್ಕೊಂದರಂತೆ ಪ್ರಸಾರವಾಗುತ್ತಿತ್ತು, ಒಂದು ಸರಣಿಗೆ ಆರೋ ಏಳೋ ಕಂತುಗಳಷ್ಟೇ. ಏಳು ವರ್ಷಗಳಲ್ಲಿ ಬಂದ ಒಟ್ಟು ಕಂತುಗಳು 42, ಅಷ್ಟನ್ನೂ ಬರೆದವರು ಒಬ್ಬರೇ. ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು, ಅವರ ಎದುರೇ ನಾಟಕದಂತೆ ಅಭಿನಯಿಸಿ ಚಿತ್ರೀಕರಿಸುತ್ತಿದ್ದುದರಿಂದ ಮಾತು ನಗೆ ತರಿಸದಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ನಮ್ಮ ದೈನಿಕ ಧಾರಾವಾಹಿ ವಾರಕ್ಕೆ ಐದು ಸಂಜೆ ಬರಬೇಕು, ನೂರಾರು ಕಂತು ನಡೆಯಬೇಕು. ಎರಡು ಗಂಡು, ಒಂದು ಸೋಫಾ ಇಟ್ಟುಕೊಂಡು ಮೂರು ತಿಂಗಳು ಎಳೆದರೂ ಲೇಖಕನ ಉಸಿರು ನಿಲ್ಲುತ್ತದೆ. ಅತ್ತೆ, ಮಾವ, ನೆರೆಮನೆ, ಕೆಲಸದಾಕೆ ಎಲ್ಲರೂ ಬೇಕಾಗುವುದು ಅದಕ್ಕಾಗಿ. ಈಗ ಎಂಟು ಹತ್ತು ಕಂತುಗಳ ವೆಬ್ ಸರಣಿಗೆ ದಾರಿ ತೆರೆದಿರುವುದರಿಂದ ಈ ನೆಪ ಇನ್ನು ಬಹಳ ಕಾಲ ನಡೆಯಲಾರದು. ಆದರೆ ಒಂದು ಎಚ್ಚರಿಕೆ: ಹುಡುಗರ ರೂಮಿನ ಕಥೆ ಬರೆಯಲು ಹೊರಟವರು ಮೊದಲು ಡೊರೊಥಿಯ ಪಾತ್ರವನ್ನು ಬರೆಯಲಿ. ಅವಳಿಲ್ಲದೆ ಬರೆದರೆ ಉಳಿಯುವುದು ಬರಿಯ ಗದ್ದಲ.

ಜನಪ್ರಿಯವಾಗಿದ್ದಾಗಲೇ ಏಕೆ ನಿಲ್ಲಿಸಿದರು? ಈಗ ಮುಂದುವರಿಸುವ ಸಾಧ್ಯತೆ ಉಂಟೇ?
– ಓದುಗರು, ಶಿವಮೊಗ್ಗ

1998ರ ಕ್ರಿಸ್‌ಮಸ್ ವೇಳೆಯ ಮೂರು ವಿಶೇಷ ಕಂತುಗಳೊಂದಿಗೆ ಧಾರಾವಾಹಿ ಮುಗಿಯಿತು, ಡೊರೊಥಿಗೆ ಮಗುವಾಗುತ್ತದೆ. ಅದಕ್ಕಿಂತ ಸರಿಯಾದ ಕೊನೆ ಇರಲಾರದು. ತಂದೆಯಾದ ಮೇಲೂ ಗ್ಯಾರಿ ಹಾಗೆಯೇ ಇದ್ದರೆ ಅದು ನಗುವ ವಿಷಯವಾಗಿ ಉಳಿಯುವುದಿಲ್ಲ, ಮಗುವಿನ ಪಾಲಿನ ಕಷ್ಟವಾಗುತ್ತದೆ. ಬದಲಾದರೆ ಅವನು ಗ್ಯಾರಿಯಲ್ಲ. ಈಗ ಅರವತ್ತು ದಾಟಿದ ಕ್ಲೂನ್ಸ್, ಮೊರಿಸ್ಸಿ ಇಬ್ಬರನ್ನೂ ಅದೇ ಸೋಫಾದ ಮೇಲೆ ಕೂರಿಸುವ ಆಸೆ ಅಭಿಮಾನಿಗಳಿಗೆ ಇರಬಹುದು, ನನಗಿಲ್ಲ. ಮೂವತ್ತರಲ್ಲಿ ಮುದ್ದೆನಿಸಿದ ಹಟ ಅರವತ್ತರಲ್ಲಿ ನೋಡಲಾಗದು.

ಇಂಥ ಹಾಸ್ಯದ ಮುಂದಿನ ಹೆಜ್ಜೆ ಬೇಕಿದ್ದರೆ 2003ರಿಂದ 2015ರವರೆಗೆ ಚಾನೆಲ್ 4ರಲ್ಲಿ ಬಂದ ‘ಪೀಪ್ ಶೋ’ ನೋಡಿ. ಅಲ್ಲಿಯೂ ಮನೆ ಹಂಚಿಕೊಂಡ ಇಬ್ಬರೇ, ಆದರೆ ಕ್ಯಾಮೆರಾ ಪಾತ್ರಗಳ ಕಣ್ಣಿನಿಂದಲೇ ನೋಡುತ್ತದೆ, ಅವರ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ. ಗ್ಯಾರಿಯ ತಲೆಯೊಳಗೆ ಏನಿತ್ತೆಂದು ನಾವು ಊಹಿಸಿ ನಕ್ಕೆವು. ಇಲ್ಲಿ ತಿಳಿದು ನಗಬೇಕು, ಅದು ಹೆಚ್ಚು ಕಹಿ.

ನಟರು ಆಮೇಲೆ ಏನಾದರು? ಟೋನಿಯ ದನಿಯನ್ನು ನಮ್ಮ ಮನೆಯ ಮಕ್ಕಳ ಕಾರ್ಯಕ್ರಮದಲ್ಲಿ ಎಲ್ಲೋ ಕೇಳಿದ ಹಾಗಿದೆ.
– ಓದುಗರು, ಮಂಗಳೂರು

ಕ್ಲೂನ್ಸ್ 2004ರಿಂದ 2022ರವರೆಗೆ ‘ಡಾಕ್ ಮಾರ್ಟಿನ್’ ಧಾರಾವಾಹಿಯಲ್ಲಿ ಕಡಲ ದಡದ ಹಳ್ಳಿಯೊಂದರ ಸಿಡುಕು ವೈದ್ಯರಾಗಿದ್ದರು. ನಗುವುದನ್ನೇ ಮರೆತಂತಿರುವ ಆ ವೈದ್ಯ ಗ್ಯಾರಿಗೆ ತೀರ ವಿರುದ್ಧ. ಕ್ವೆಂಟಿನ್ 1997ರಲ್ಲಿ ಆರಂಭವಾದ ‘ಜೊನಾಥನ್ ಕ್ರೀಕ್’ ಪತ್ತೇದಾರಿ ಧಾರಾವಾಹಿಯಲ್ಲಿ ಕಾಣಿಸಿಕೊಂಡರು. ನಿಮ್ಮ ಕಿವಿ ಮೋಸ ಮಾಡಿಲ್ಲ: ‘ಬಾಬ್ ದ ಬಿಲ್ಡರ್’ನ ಮೂಲ ಬ್ರಿಟಿಷ್ ಆವೃತ್ತಿಯಲ್ಲಿ ಬಾಬ್‌ನ ದನಿ ಮೊರಿಸ್ಸಿಯದೇ. 2000ದ ಕ್ರಿಸ್‌ಮಸ್ ವಾರದಲ್ಲಿ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಆ ದನಿಯಲ್ಲಿ ಅವರು ಹಾಡಿದ ಬಾಬ್‌ನ ಹಾಡು.